ಡ್ರೋನ್: ಕೊಂಡಿಯಿಲ್ಲದ ಜೇನಿನ ಹೆಸರು

ಪ್ರಾಚೀನ ಇಂಗ್ಲಿಷಿನಲ್ಲಿ ಗಂಡುಜೇನಿಗಿದ್ದ ಹೆಸರೇ ‘ಡ್ರೋನ್’ ಶಬ್ದಕ್ಕೆ ಮೂಲ. ಮಧುವನ್ನು ಸಂಗ್ರಹಿಸದೆ ಗೂಡಿನ ಅನ್ನವನ್ನುಂಡು ಬಾಳುವ ಆ ಜೀವಿಯ ಸ್ವಭಾವದಿಂದ ಸೋಮಾರಿಯೆಂಬ ಅರ್ಥವೂ, ಅದರ ಝೇಂಕಾರದಿಂದ ಏಕಸ್ವರದ ನಾದವೆಂಬ ಅರ್ಥವೂ ಕಾಲಕ್ರಮದಲ್ಲಿ ಅದಕ್ಕೆ ಸೇರಿದುವು. 1935ರಲ್ಲಿ ಬ್ರಿಟಿಷರು ಗುರಿಯ ಅಭ್ಯಾಸಕ್ಕೆಂದು ರೂಪಿಸಿದ ಚಾಲಕರಹಿತ ವಿಮಾನಕ್ಕೆ ರಾಣಿಜೇನು ಎಂಬರ್ಥದ ‘ಕ್ವೀನ್ ಬೀ’ ಎಂದು ಹೆಸರಿಟ್ಟುದನ್ನು ಕಂಡು ಅಮೆರಿಕದ ನೌಕಾಪಡೆಯವರು ತಮ್ಮ ಯಂತ್ರವನ್ನು ಡ್ರೋನ್ ಎಂದು ಕರೆದರೆಂಬುದು ರೂಢಿಯಲ್ಲಿರುವ ವಿವರಣೆ. ಗಂಡುಜೇನಿಗೆ ಕೊಂಡಿಯಿಲ್ಲ, ಹೊಡೆಸಿಕೊಳ್ಳುವುದಕ್ಕೇ ಹುಟ್ಟಿದ ವಿಮಾನಕ್ಕೆ ಹೆಸರು ಒಪ್ಪಿತ್ತೆನ್ನಬೇಕು.

ಕೊಂಡಿ ಮೂಡಿದುದು ಈ ಶತಮಾನದಲ್ಲಿ. 2002ರ ನವೆಂಬರಿನಲ್ಲಿ ಯೆಮನ್ನಿನ ಮಾರಿಬ್ ಪ್ರಾಂತದಲ್ಲಿ ಅಮೆರಿಕದ ಡ್ರೋನೊಂದು ಅಲ್ ಕೈದಾ ನಾಯಕನಿದ್ದ ಕಾರನ್ನು ಸುಟ್ಟಿತು. ಪರಕೀಯರ ಬಾಂಬುಗಳನ್ನು ತಮ್ಮವೆಂದೇ ಹೇಳಿಕೊಳ್ಳುವುದಾಗಿ ಯೆಮನ್ನಿನ ಅಂದಿನ ಅಧ್ಯಕ್ಷ ಸಾಲೇಹರು 2010ರಲ್ಲಿ ಅಮೆರಿಕದ ಸೇನಾಪತಿಗೆ ಮಾತುಕೊಟ್ಟುದು ಅನಂತರ ಬಯಲಾದ ರಾಜತಾಂತ್ರಿಕ ಪತ್ರಗಳಲ್ಲಿದೆ. ತನ್ನ ಆಕಾಶದ ಮೇಲೆ ತನಗೇ ಅಧಿಕಾರವಿಲ್ಲವೆಂಬುದನ್ನು ಪ್ರಜೆಗಳಿಂದ ಮರೆಮಾಚಬೇಕಾದ ಪ್ರಭುತ್ವದ ದೌರ್ಬಲ್ಯಕ್ಕೆ ಇದಕ್ಕಿಂತ ಹೆಚ್ಚಿನ ಸಾಕ್ಷ್ಯ ಬೇಕೆ? 2014ರ ಸೆಪ್ಟೆಂಬರ್ 10ರಂದು ಅಮೆರಿಕದ ಅಂದಿನ ಅಧ್ಯಕ್ಷ ಒಬಾಮಾ ಯೆಮನ್ನನ್ನು ಭಯೋತ್ಪಾದಕರನ್ನು ಹೊಡೆದುರುಳಿಸುವ ತಮ್ಮ ನೀತಿಯ ಸಫಲ ನಿದರ್ಶನವೆಂದು ಹೆಸರಿಸಿದರು. ಅದೇ ತಿಂಗಳ 21ರಂದು ಯೆಮನ್ನಿನ ರಾಜಧಾನಿ ಸನಾ ಹೂತಿ ಬಂಡುಕೋರರ ವಶವಾಯಿತು. ಡ್ರೋನುಗಳು ಬೆನ್ನಟ್ಟಿದ್ದುದು ಅಲ್ ಕೈದಾವನ್ನು. ಸರ್ಕಾರವನ್ನು ಉರುಳಿಸಿದವರು ಬೇರೆಯವರು.

ಕನ್ನಡದ ಪತ್ರಿಕೆಗಳು ಮೊದಮೊದಲು ಬಳಸಿದ ‘ಮಾನವರಹಿತ ವಿಮಾನ’ವೆಂಬ ಗಂಭೀರ ಸಮಾಸ ಈಗ ಹಿಂದೆ ಸರಿದಿದೆ. ಮದುವೆಯ ಚಪ್ಪರದ ಮೇಲೆ ಹಾರಾಡುತ್ತ ಚಿತ್ರ ತೆಗೆಯುವುದಕ್ಕೂ ನಮ್ಮಲ್ಲಿ ಡ್ರೋನೆಂದೇ ಹೆಸರು.