ಸರಿ

ದಿನವಿಡೀ ದುಡಿದು ದಣಿಯದ ಮಾತು ಕನ್ನಡದಲ್ಲಿ ಯಾವುದೆಂದರೆ ‘ಸರಿ’ ಎಂದೇ ನಾನು ಹೇಳುವೆನು. ತಕ್ಕಡಿಯ ತಟ್ಟೆಗಳೆರಡೂ ಸಮವಾಗಿ ನಿಂತರೆ ಸರಿ, ಲೆಕ್ಕ ತಾಳೆಬಿದ್ದರೆ ಸರಿ, ನಡುವಿರುಳು ಸರಿರಾತ್ರಿ, ಎರಡೆರಡಾಗಿ ಜೋಡಿಗೂಡುವ ಸಂಖ್ಯೆ ಸರಿ, ಒಂದು ಮಿಕ್ಕುಳಿದರೆ ಬೆಸ. ಧರ್ಮಕ್ಕೊಪ್ಪುವ ನಡತೆಯೂ ಸರಿ, ಒಲ್ಲದ ಮನಸ್ಸಿನಿಂದ ತಲೆಯಾಡಿಸುವಾಗ ಬಾಯಿಂದ ಜಾರುವ ಮಾತೂ ಸರಿ. ಸಾಮ್ಯ, ಔಚಿತ್ಯ, ಸಮ್ಮತಿ ಎಂಬ ಮೂರು ಭಾವಗಳು ಹೀಗೆ ಒಂದೇ ಶಬ್ದದಲ್ಲಿ ನೆಲೆಸಿರುವುದರಿಂದ, ಹತ್ತು ಮಂದಿಗೆ ಸರಿಯಾಗಿ ನಡೆಯುವುದನ್ನೇ ಸರಿಯಾದ ನಡತೆಯೆಂದು ಭ್ರಮಿಸುವುದು ನಮಗೆ ಬಹು ಸುಲಭವಾಗಿಬಿಟ್ಟಿದೆ. ‘ಸರೀಕ’ ಎಂಬುದು ಅರಬ್ಬಿಯಲ್ಲಿ ಪಾಲುಗಾರನೆಂಬ ಅರ್ಥವುಳ್ಳ ‘ಶರೀಕ್’ ಶಬ್ದದಿಂದ ಬಂದುದಾದರೂ ಕನ್ನಡದ ಕಿವಿ ಅದನ್ನು ಸರಿಯ ಬಳಗಕ್ಕೇ ಸೇರಿಸಿಕೊಂಡಿದೆ. ಸರೀಕರೆದುರು ತಲೆ ತಗ್ಗೀತೆಂಬ ಭಯದಿಂದ ನಡೆದುಹೋಗಿರುವ ಅಕಾರ್ಯಗಳೋ ಅಸಂಖ್ಯ.

ಯಲ್ಲಾಪುರ ಸೀಮೆಯ ವಜ್ರಳ್ಳಿಯ ಕಡೆ, ಅಡಕೆ ತೋಟಗಳ ಹವ್ಯಕರ ಮನೆಮಾತಿನಲ್ಲಿ, ಒಪ್ಪಿಗೆಗೆ ‘ಅಡ್ಡಿಲ್ಲೆ’ ಎಂಬ ಮಾತುಂಟು. ಅದರ ವಿನಯ ನನಗೆ ಪ್ರಿಯವಾದುದು. ಅಡ್ಡಿಯಿಲ್ಲವೆಂದಷ್ಟೇ ಅದು ಹೇಳುವುದು. ಮಾಡುವ ಕೆಲಸ ನ್ಯಾಯವಾದುದೆಂದು ಸಾಕ್ಷಿ ನುಡಿಯುವ ಹೊಣೆಯನ್ನು ಅದು ಹೊರುವುದಿಲ್ಲ.

ಕ್ರೈಸ್ತನಾದವನು ಸರೀಕರ ಭಯವೆಂಬ ಈ ಸಂಗತಿಯನ್ನು ಪೇತ್ರನ ಜೀವಿತದಲ್ಲಿ ಓದಿಕೊಳ್ಳಬೇಕು. ಯೇಸುವನ್ನು ತಾನರಿಯೆನೆಂದು ಮೂರು ಬಾರಿ ಆತನು ನುಡಿದುದನ್ನು ಎಲ್ಲರೂ ಬಲ್ಲರು. ಆದರೆ ಪೌಲನು ಗಲಾತ್ಯದವರಿಗೆ ಬರೆದ ಪತ್ರದ ಎರಡನೆಯ ಅಧ್ಯಾಯದಲ್ಲಿರುವ ಪ್ರಸಂಗವು ಅದಕ್ಕಿಂತಲೂ ನಮ್ಮ ಬಾಳಿಗೆ ಸಮೀಪವಾದುದು. ಅಂತಿಯೋಕ್ಯದಲ್ಲಿ ಅನ್ಯಜನರೊಡನೆ ಒಂದೇ ಪಂಕ್ತಿಯಲ್ಲಿ ಉಣ್ಣುತ್ತಿದ್ದ ಪೇತ್ರನು, ಯೆರೂಸಲೇಮ್ ಸಭೆಯ ಹಿರಿಯನಾದ ಯಾಕೋಬನ ಕಡೆಯ ಕೆಲವರು ಬಂದೊಡನೆ ಅಂಜಿ ಹಿಂದೆಗೆದು ಬೇರೆ ಕುಳಿತನು. ಅವನನ್ನು ಕಂಡು ಉಳಿದ ಯೆಹೂದ್ಯ ವಿಶ್ವಾಸಿಗಳೂ, ಕಡೆಗೆ ಬಾರ್ನಬನಂಥವನೂ, ಹಾಗೆಯೇ ಎದ್ದುಹೋದರು. ಇಲ್ಲಿ ಖಡ್ಗ ಹಿಡಿದ ಸೈನಿಕನಿಲ್ಲ, ಸೆರೆಮನೆಯಿಲ್ಲ. ಬಂದವರು ತನ್ನವರೇ, ದೇವಭಕ್ತರೇ. ಪಂಕ್ತಿಭೇದವೆಂದರೇನೆಂದು ತಲೆಮಾರುಗಳಿಂದ ಬಲ್ಲ ನಮ್ಮ ನಾಡಿನವರಿಗೆ ಆ ಊಟದೆಲೆಯ ಸಂಕಟವನ್ನು ಬಿಡಿಸಿ ಹೇಳಬೇಕಾಗಿಲ್ಲ. ಪೌಲನೊಬ್ಬನು ಮಾತ್ರ ಬೆಸವಾಗಿ ನಿಂತು, ಹಿರಿಯ ಅಪೊಸ್ತಲನೆಂಬ ದಾಕ್ಷಿಣ್ಯವನ್ನೂ ತೊರೆದು, ಎಲ್ಲರೆದುರಿನಲ್ಲಿ ಮುಖಾಮುಖಿಯಾಗಿ ಅದು ತಪ್ಪೆಂದನು.

ನಮ್ಮ ನಾಡಿನಲ್ಲಿ ಹಾಗೆ ಬೆಸವಾಗಿ ನಿಂತವರಲ್ಲಿ ಆನಂದರಾವ್ ಕೌಂಡಿನ್ಯರು ಒಬ್ಬರು. ಮಂಗಳೂರಿನ ಸಾರಸ್ವತ ಬ್ರಾಹ್ಮಣ ತರುಣರಾದ ಅವರು 1844ರಲ್ಲಿ ದೀಕ್ಷಾಸ್ನಾನ ಹೊಂದಿ, ‘ಮಂಗಳೂರ ಸಮಾಚಾರ’ ಪತ್ರಿಕೆಯನ್ನು ಹೊರಡಿಸಿದ ಮಿಶನರಿ ಹರ್ಮನ್ ಮೋಗ್ಲಿಂಗರ ಹೆಸರನ್ನು ತಮ್ಮ ಹೆಸರಿನೊಡನೆ ಧರಿಸಿದರು. ನೆಂಟರು ದೂರವಾದರು, ಕೈಹಿಡಿದ ಪತ್ನಿಯೂ ಜೊತೆಗೂಡಲಿಲ್ಲ. 1851ರಲ್ಲಿ ಯುರೋಪಿನಲ್ಲಿ ಬೋಧಕದೀಕ್ಷೆ ಪಡೆದು ಮರಳಿ ಬಂದವರು ಈ ನೆಲದಲ್ಲಿಯೇ ಸೇವೆ ಸಲ್ಲಿಸಿದರು. ಅವರ ಮತಾಂತರವನ್ನು ಒಪ್ಪದವರೂ ಅವರು ತೆತ್ತ ಬೆಲೆಯನ್ನು ಅಲ್ಲಗಳೆಯಲಾರರು.

ಅಷ್ಟು ದೊಡ್ಡ ಬೆಲೆಯನ್ನು ಇಂದಿನ ತರುಣರಿಂದ ಯಾರೂ ಕೇಳುತ್ತಿಲ್ಲ. ಅವರ ಮುಂದಿರುವ ಪರೀಕ್ಷೆ ಚಿಕ್ಕದು, ಹತ್ತಿರದ್ದು. ಯಲ್ಲಾಪುರ, ಹಳಿಯಾಳಗಳ ಕಾಡಂಚಿನಲ್ಲಿ ಸಿದ್ದಿಗಳ ಕೇರಿಗಳಿವೆ. ಆಫ್ರಿಕದಿಂದ ದಾಸರಾಗಿ ತರಲ್ಪಟ್ಟವರ ಸಂತತಿಯಾದ ಇವರಲ್ಲಿ ಕ್ರೈಸ್ತರು, ಹಿಂದೂಗಳು, ಮುಸಲ್ಮಾನರು ಮೂವರೂ ಉಂಟು. 2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡಕ್ಕೆ ಸೇರಿದರು. ಆದರೆ ಗುಂಗುರು ಕೂದಲನ್ನೂ ಮೈಬಣ್ಣವನ್ನೂ ಹಿಡಿದು ಸಿದ್ದಿ ಮಗುವನ್ನು ಸಹಪಾಠಿಗಳು ಹಾಸ್ಯಮಾಡುವುದಕ್ಕೆ ಯಾವ ಸರಕಾರಿ ಆಜ್ಞೆಯೂ ತಡೆಯಾಗದು. ಇಡೀ ತರಗತಿ ನಗುವಾಗ ತಾನೂ ನಕ್ಕುಬಿಡುವುದು ಸರೀಕರಿಗೆ ಸರಿಯಾದ ದಾರಿ. ನಗದೆ ಸುಮ್ಮನಿರುವುದು ‘ಅಡ್ಡಿಲ್ಲೆ’ ಎಂಬಷ್ಟರದು. ಅಂತಿಯೋಕ್ಯದ ಪಂಕ್ತಿ ನಮ್ಮ ಮಕ್ಕಳ ಮುಂದೆ ಬರುವುದು ಶಾಲೆಯ ಈ ಬೆಂಚಿನ ರೂಪದಲ್ಲಿಯೇ.

ಯೇಸುವಿನ ಹೆಸರನ್ನು ಹೊತ್ತಿರುವ ಎಳೆಯರೇ, ಆ ಮಗುವಿನ ಪಕ್ಕದಲ್ಲಿ ಸ್ಥಳವು ತೆರವಾಗಿದ್ದರೆ, ನಗುತ್ತಿರುವ ಗೆಳೆಯರು ನೋಡುತ್ತಿರುವಾಗಲೇ ಎದ್ದುಹೋಗಿ ಅಲ್ಲಿ ಕುಳಿತುಕೊಳ್ಳಿರಿ.