ಇಕ್ಕೇರಿ ವರಹ ಯಾವ ಖಾನೆಗೆ ಸೇರಬೇಕು? ನಾಣ್ಯ ವರ್ಗೀಕರಣದ ಇತಿಹಾಸದಲ್ಲಿ ‘ಪ್ರಾಚೀನ’ ಮತ್ತು ‘ಆಧುನಿಕ’

ಕೆಳದಿ ನಾಯಕರ ಕಾಲದ ಇಕ್ಕೇರಿ ವರಹ ಸುಮಾರು 3.4 ಗ್ರಾಂ ತೂಗುವ ಪುಟ್ಟ ಬಂಗಾರದ ನಾಣ್ಯ. ಒಂದು ಬದಿಯಲ್ಲಿ ಕುಳಿತ ಶಿವಪಾರ್ವತಿಯರು, ಇನ್ನೊಂದು ಬದಿಯಲ್ಲಿ ನಾಗರಿ ಲಿಪಿಯಲ್ಲಿ ‘ಶ್ರೀ ಸದಾಶಿವ’. 1763ರಲ್ಲಿ ಆ ನಾಯಕರ ರಾಜಧಾನಿ ಬಿದನೂರನ್ನು ಗೆದ್ದ ಹೈದರಾಲಿ ಈ ನಾಣ್ಯವನ್ನು ನಿಲ್ಲಿಸಲಿಲ್ಲ. ಶಿವಪಾರ್ವತಿಯರನ್ನು ಇದ್ದಲ್ಲೇ ಬಿಟ್ಟು, ಹಿಂಬದಿಯ ಲೇಖವನ್ನು ತೆಗೆದು, ತನ್ನ ಹೆಸರಿನ ಮೊದಲ ಅಕ್ಷರವನ್ನು ಪಾರಸಿ ಲಿಪಿಯಲ್ಲಿ ಅಚ್ಚು ಹಾಕಿಸಿದ. ಟಿಪ್ಪುವಿನ ಪತನದ ನಂತರ ಪಟ್ಟಕ್ಕೆ ಬಂದ ಮುಮ್ಮಡಿ ಕೃಷ್ಣರಾಜ ಒಡೆಯರ ವರಹದಲ್ಲಿಯೂ ಅದೇ ದಂಪತಿಗಳಿದ್ದಾರೆ. ಹಿಂಬದಿಯಲ್ಲಿ ಮಾತ್ರ ‘ಶ್ರೀ ಕೃಷ್ಣರಾಜ’ ಎಂದು ನಾಗರಿಯಲ್ಲಿದೆ. ಚಿತ್ರ ಒಂದೇ, ತೂಕ ಹೆಚ್ಚುಕಡಿಮೆ ಒಂದೇ, ಸಂತೆಯಲ್ಲಿ ಅದು ಮಾಡುತ್ತಿದ್ದ ಕೆಲಸವೂ ಒಂದೇ. ಆದರೆ ಸಂಗ್ರಾಹಕರ ರೂಢಿಯ ಹಂಚಿಕೆಯಲ್ಲಿ ಮೊದಲನೆಯದು ಮಧ್ಯಯುಗದ ದಕ್ಷಿಣ ಭಾರತಕ್ಕೆ, ಎರಡನೆಯದು ಮುಸ್ಲಿಂ ಅರಸರ ನಾಣ್ಯಗಳಿಗೆ, ಮೂರನೆಯದು ಆಧುನಿಕ ದೇಶೀ ಸಂಸ್ಥಾನಗಳಿಗೆ ಹೋಗುತ್ತದೆ. ನಾಣ್ಯ ಬದಲಾಗದೆ ಖಾನೆ ಮಾತ್ರ ಎರಡು ಬಾರಿ ಬದಲಾಗುತ್ತದೆ ಎಂದಾದರೆ ಆ ಖಾನೆಗಳು ನಾಣ್ಯದ ಗುಣದಿಂದ ಹುಟ್ಟಿದವಲ್ಲ. ಅವು ಹುಟ್ಟಿದ್ದು ಸಂಗ್ರಹಾಲಯದ ಕಪಾಟಿನಲ್ಲಿ, ಚಿನಿವಾರನ ತಕ್ಕಡಿಯ ಮುಂದೆ, ವ್ಯಾಪಾರಿಯ ಬೆಲೆಪಟ್ಟಿಯಲ್ಲಿ. ಪ್ರಾಚೀನ, ಆಧುನಿಕ ಎಂಬ ಗೆರೆ ಎರಡು ಬಗೆಯ ಹಣದ ನಡುವಿನದಲ್ಲ, ಎರಡು ಬಗೆಯ ಪುಸ್ತಕಗಳ ನಡುವಿನದು ಎಂಬುದು ಈ ಲೇಖನದ ವಾದ.

ಯುರೋಪಿನ ಆರಂಭದ ಸಂಗ್ರಹಗಳಲ್ಲಿ ನಾಣ್ಯವನ್ನು ಜೋಡಿಸುತ್ತಿದ್ದದ್ದು ಲೋಹ ಮತ್ತು ಗಾತ್ರ ನೋಡಿ, ಇಲ್ಲವೆ ರೋಮನ್ ಚಕ್ರವರ್ತಿಗಳ ಮುಖಗಳ ಸಾಲು ನೋಡಿ. ಗ್ರೀಕ್ ನಗರಗಳ ಸಾವಿರಾರು ನಾಣ್ಯಗಳಿಗೆ ಆ ಸಾಲಿನಲ್ಲಿ ಜಾಗವಿರಲಿಲ್ಲ. ಫ್ರೆಂಚ್ ನೌಕಾ ಇಲಾಖೆಯ ಅಧಿಕಾರಿಯಾಗಿದ್ದ ಜೋಸೆಫ್ ಪೆಲರಾನ್ ತನ್ನ ಭಾರಿ ಸಂಗ್ರಹವನ್ನು ಪ್ರದೇಶವಾರು ಹೊಂದಿಸಿದ. 1776ರಲ್ಲಿ ಅದು ಫ್ರಾನ್ಸಿನ ಅರಸನ ಪಾಲಾಯಿತು. ಈ ಕ್ರಮಕ್ಕೆ ಶಾಸ್ತ್ರದ ಗಟ್ಟಿತನ ಕೊಟ್ಟವನು ವಿಯೆನ್ನಾದ ಜೋಸೆಫ್ ಎಕೆಲ್. 1792ರಿಂದ 1798ರವರೆಗೆ ಎಂಟು ಸಂಪುಟಗಳಲ್ಲಿ ಬಂದ ಅವನ ಲ್ಯಾಟಿನ್ ಗ್ರಂಥ ‘ದೊಕ್ಟ್ರೀನಾ ನುಮೋರುಮ್ ವೆಟೆರುಮ್’ ಸ್ಪೇನಿನಿಂದ ಹೊರಟು ಮೆಡಿಟರೇನಿಯನ್ ಸಮುದ್ರವನ್ನು ಬಳಸಿ ಉತ್ತರ ಆಫ್ರಿಕಾಕ್ಕೆ ಬಂದು ಮುಗಿಯುವ ಪ್ರದಕ್ಷಿಣೆ. ರೋಮನ್ ನಾಣ್ಯಗಳಿಗೆ ಬೇರೆಯೇ ಭಾಗ, ಅಲ್ಲಿ ಕಾಲಾನುಕ್ರಮ. ಇಂದಿಗೂ ಗ್ರೀಕ್ ನಾಣ್ಯಗಳ ಹರಾಜು ಪಟ್ಟಿಗಳು ಬಹುತೇಕ ಇದೇ ದಾರಿಯಲ್ಲಿ ಸಾಗುತ್ತವೆ. ಮೆಡಿಟರೇನಿಯನ್ ಮಟ್ಟಿಗೆ ಇದು ನಿಜಕ್ಕೂ ಒಳ್ಳೆಯ ಕ್ರಮ. ನೆರೆಹೊರೆಯ ನಗರಗಳು ಒಂದರ ನಾಣ್ಯವನ್ನು ನೋಡಿ ಇನ್ನೊಂದು ತಮ್ಮದನ್ನು ರೂಪಿಸಿಕೊಂಡದ್ದು ಈ ಜೋಡಣೆಯಲ್ಲಿ ಕಣ್ಣಿಗೆ ಕಾಣುತ್ತದೆ. ಆದರೆ ಆ ಸಮುದ್ರದ ದಂಡೆಯಲ್ಲಿ ಇಲ್ಲದವರ ಗತಿ? ಬ್ರಿಟಿಷ್ ಮ್ಯೂಸಿಯಂ 1886ರಲ್ಲಿ ಪರ್ಸಿ ಗಾರ್ಡ್‌ನರ್ ಸಿದ್ಧಪಡಿಸಿದ ಸಂಪುಟವನ್ನು ಬ್ಯಾಕ್ಟ್ರಿಯಾ ಮತ್ತು ಭಾರತದ ಗ್ರೀಕ್ ಹಾಗೂ ಶಕ ಅರಸರ ಹೆಸರಿನಲ್ಲಿ ತನ್ನ ಗ್ರೀಕ್ ಮಾಲೆಯಲ್ಲಿ ಪ್ರಕಟಿಸಿತು. ಹೀಗೆ ಬುದ್ಧನನ್ನೂ ಇರಾನಿನ ದೇವತೆಗಳನ್ನೂ ನಾಣ್ಯಕ್ಕೆ ತಂದ ಕುಷಾಣ ಅರಸ ಕನಿಷ್ಕ ಗ್ರೀಕರ ಸಾಲಿಗೆ ಸೇರಿದ. ಶಾತವಾಹನರು ಮತ್ತು ಪಶ್ಚಿಮ ಕ್ಷತ್ರಪರು 1908ರಲ್ಲಿ ರ್‍ಯಾಪ್ಸನ್ ತಂದ ಸಂಪುಟದಲ್ಲಿ ಭಾರತೀಯರಾದರು. ಕುಷಾಣರೂ ಶಾತವಾಹನರೂ ಒಂದೇ ಶತಮಾನಗಳಲ್ಲಿ ಒಂದೇ ಉಪಖಂಡದಲ್ಲಿ ಇದ್ದವರು. ಅವರನ್ನು ಬೇರ್ಪಡಿಸಿದ್ದು ನಾಣ್ಯದ ಮೇಲಿನ ಲಿಪಿ ಮತ್ತು ಅದನ್ನು ಓದಬಲ್ಲ ವಿದ್ವಾಂಸರ ವಿದ್ಯಾಭ್ಯಾಸ.

ರೋಮನ್ ನಾಣ್ಯಗಳಲ್ಲೂ ಬಳಕೆದಾರನ ಅಗತ್ಯವೇ ಕ್ರಮವನ್ನು ನಿರ್ಧರಿಸಿದೆ. ಆನ್ರಿ ಕೊಹೆನ್ 1859ರಿಂದ ಪ್ರಕಟಿಸಿದ ಸಂಪುಟಗಳು ಪ್ರತಿ ಚಕ್ರವರ್ತಿಯ ನಾಣ್ಯಗಳನ್ನು ಹಿಂಬದಿಯ ಲೇಖದ ಅಕಾರಾದಿಯಲ್ಲಿ ಕೊಟ್ಟವು. ಕೈಯಲ್ಲಿ ನಾಣ್ಯ ಹಿಡಿದು ಕೂತ ಸಂಗ್ರಾಹಕನಿಗೆ ಇದಕ್ಕಿಂತ ಅನುಕೂಲ ಬೇರೆ ಇಲ್ಲ. ಇತಿಹಾಸಕಾರನಿಗೆ ಇದಕ್ಕಿಂತ ನಿರುಪಯುಕ್ತ ಕ್ರಮವೂ ಇಲ್ಲ. 1923ರಿಂದ ಮ್ಯಾಟಿಂಗ್ಲಿ ಮತ್ತು ಸಿಡನ್‌ಹ್ಯಾಮ್ ಆರಂಭಿಸಿದ ‘ರೋಮನ್ ಇಂಪೀರಿಯಲ್ ಕಾಯಿನೇಜ್’ ಮಾಲೆ ಟಂಕಸಾಲೆ ಮತ್ತು ಕಾಲವನ್ನು ಆಧಾರವಾಗಿಟ್ಟುಕೊಂಡಿತು. ಆದರೂ ನಾಲ್ಕನೆಯ ಶತಮಾನದ ತಾಮ್ರದ ನಾಣ್ಯಗಳನ್ನು ಸಂಗ್ರಾಹಕರು ಇಂದಿಗೂ ವ್ಯಾಸ ಅಳೆದು ಒಂದರಿಂದ ನಾಲ್ಕರವರೆಗಿನ ದರ್ಜೆಗಳಲ್ಲಿ ಇಡುತ್ತಾರೆ. ಅವುಗಳ ಅಸಲಿ ಹೆಸರು ಮತ್ತು ಮೌಲ್ಯ ನಿಶ್ಚಿತವಾಗಿಲ್ಲದ ಕಾರಣ ಹಳೆಯ ಕಪಾಟಿನ ಗಾತ್ರದ ಲೆಕ್ಕ ಅಲ್ಲಿ ಇನ್ನೂ ಉಸಿರಾಡುತ್ತಿದೆ.

ವರ್ಗೀಕರಣ ಯುರೋಪಿನ ಏಕಸ್ವಾಮ್ಯವೇನೂ ಆಗಿರಲಿಲ್ಲ. ಚೀನಾದ ಸಾಂಗ್ ವಂಶದ ವಿದ್ವಾಂಸ ಹಾಂಗ್ ಝುನ್ 1149ರಲ್ಲಿ ಬರೆದ ‘ಚುವಾನ್ ಝಿ’ ನಾಣ್ಯಗಳನ್ನು ಒಂಬತ್ತು ವರ್ಗಗಳಾಗಿ ವಿಂಗಡಿಸಿತು. ನ್ಯಾಯಬದ್ಧ ರಾಜವಂಶಗಳ ನಾಣ್ಯಗಳಿಗೆ ಮೊದಲ ಸ್ಥಾನ, ರಾಜ್ಯ ಕಸಿದವರವು ಬೇರೆ. ಕಾಲ ತಿಳಿಯದವು, ಚೂರಿ ಮತ್ತು ಸಲಿಕೆಯ ಆಕಾರದವು, ಪರದೇಶದವು, ವಿಚಿತ್ರವಾದವು, ದುಷ್ಟಶಕ್ತಿ ನಿವಾರಣೆಗೆ ಧರಿಸುವ ತಾಯಿತದ ನಾಣ್ಯಗಳು ಹೀಗೆ ಮುಂದೆ. ಎಕೆಲ್‌ಗಿಂತ ಆರು ಶತಮಾನ ಹಿಂದಿನ ಈ ಗ್ರಂಥದ ಮುಖ್ಯ ಪ್ರಶ್ನೆ ಭೂಗೋಳವಲ್ಲ, ಅಧಿಕಾರದ ಸಾಚಾತನ. ನಮ್ಮಲ್ಲಿ ದೆಹಲಿಯ ಟಂಕಸಾಲೆಯಲ್ಲಿದ್ದ ಜೈನ ಅಧಿಕಾರಿ ಠಕ್ಕುರ ಫೇರು 1318ರಲ್ಲಿ ‘ದ್ರವ್ಯಪರೀಕ್ಷಾ’ ಬರೆದ. ಅವನಿಗೆ ರಾಜವಂಶದ ಗೌರವ ಬೇಕಿರಲಿಲ್ಲ. ಯಾವ ಸೀಮೆಯ ಯಾವ ನಾಣ್ಯದಲ್ಲಿ ಎಷ್ಟು ತೂಕ, ಎಷ್ಟು ಅಪ್ಪಟ ಬೆಳ್ಳಿಬಂಗಾರ, ಕರಗಿಸಿದರೆ ಎಷ್ಟಕ್ಕೆ ಬಾಳುತ್ತದೆ ಎಂಬುದಷ್ಟೇ ಬೇಕಿತ್ತು. ಹಳೆಯ ನಾಣ್ಯವೂ ಚಾಲ್ತಿಯ ನಾಣ್ಯವೂ ಅವನ ಪಟ್ಟಿಯಲ್ಲಿ ಒಟ್ಟಿಗೆ ಕೂತಿವೆ, ಏಕೆಂದರೆ ಎರಡೂ ಅದೇ ಕುಲುಮೆಗೆ ಹೋಗುವವು. ಕನ್ನಡ ಶಾಸನಗಳೂ ಇದೇ ದಿಕ್ಕಿನ ಸಾಕ್ಷಿ ಕೊಡುತ್ತವೆ. ದಾನ ಕೊಟ್ಟವರು ಬರೀ ಗದ್ಯಾಣ ಎನ್ನದೆ ‘ಲೊಕ್ಕಿ ಗದ್ಯಾಣ’ ಎಂದು ನಮೂದಿಸಿದಾಗ ಲಕ್ಕುಂಡಿಯ ಟಂಕಸಾಲೆಯ ಹೆಸರೇ ಆ ಹೊನ್ನಿಗೆ ಜಾಮೀನಾಗಿದೆ. ವಿಜಯನಗರಕ್ಕೆ 1443ರಲ್ಲಿ ಬಂದ ಅಬ್ದುರ್ ರಜಾಕ್ ಅಲ್ಲಿಯ ಹಣವನ್ನು ವರಹ, ಅದರ ಅರ್ಧ ಪ್ರತಾಪ, ಪ್ರತಾಪದ ಹತ್ತನೇ ಒಂದು ಪಾಲು ಹಣ, ಹಣದ ಆರನೇ ಒಂದು ಪಾಲು ಬೆಳ್ಳಿಯ ತಾರ ಎಂದು ಮೆಟ್ಟಿಲುಮೆಟ್ಟಿಲಾಗಿ ವಿವರಿಸಿದ್ದಾನೆ. ಅವನ ಬರಹದಲ್ಲಿ ನಾಣ್ಯದ ಗುರುತು ಇರುವುದು ಅದಕ್ಕೂ ಅದರ ಮೇಲಿನ, ಕೆಳಗಿನ ನಾಣ್ಯಕ್ಕೂ ಇರುವ ಸಂಬಂಧದಲ್ಲಿ.

ಈಗ ಆಧುನಿಕ ಎಂಬುದರ ಕಡೆ ತಿರುಗಿದರೆ, ಗೆರೆ ಎಲ್ಲಿದೆ ಎಂಬುದಕ್ಕೆ ಪುಸ್ತಕಗಳೇ ಪರಸ್ಪರ ವಿರುದ್ಧ ಉತ್ತರ ಕೊಡುತ್ತವೆ. ಅಮೆರಿಕದ ಯೋಮನ್ 1957ರಲ್ಲಿ ತಂದ ಆಧುನಿಕ ವಿಶ್ವ ನಾಣ್ಯಗಳ ಕ್ಯಾಟಲಾಗ್ ಸುಮಾರು 1850ರಿಂದ ಶುರುವಾಗುತ್ತದೆ. ವಿಲಿಯಂ ಕ್ರೇಗ್ ಅದಕ್ಕೆ ಹಿಂದಿನ ನೂರು ವರ್ಷ ಜೋಡಿಸಿ 1750ಕ್ಕೆ ಒಯ್ದ. 1972ರಲ್ಲಿ ಮೊದಲ ಬಾರಿ ಪ್ರಕಟವಾದ ಕ್ರೌಸ್ ಮತ್ತು ಮಿಶ್ಲರ್ ಅವರ ‘ಸ್ಟ್ಯಾಂಡರ್ಡ್ ಕ್ಯಾಟಲಾಗ್ ಆಫ್ ವರ್ಲ್ಡ್ ಕಾಯಿನ್ಸ್’ ಬರಬರುತ್ತಾ ಶತಮಾನಕ್ಕೊಂದು ಸಂಪುಟವಾಗಿ 1601ರವರೆಗೆ ಹಿಂದಕ್ಕೆ ಸರಿಯಿತು. ದೇಶಗಳನ್ನು ಅಕಾರಾದಿಯಲ್ಲಿ ಇಟ್ಟು ಪ್ರತಿ ಮಾದರಿಗೂ ಒಂದು ಸಂಖ್ಯೆ ಕೊಟ್ಟ ಈ ಪುಸ್ತಕ ಜಗತ್ತಿನ ಸಂಗ್ರಾಹಕರಿಗೆಲ್ಲ ಒಂದು ಸಮಾನ ಭಾಷೆ ಒದಗಿಸಿತು; ಅದರ ಉಪಕಾರ ದೊಡ್ಡದು. ಆದರೆ ಆಧುನಿಕತೆಯ ಗಡಿ ಕೆಲವೇ ದಶಕಗಳಲ್ಲಿ ಎರಡೂವರೆ ಶತಮಾನ ಹಿಂದೆ ಸರಿದದ್ದು ಇತಿಹಾಸದ ಹೊಸ ಆವಿಷ್ಕಾರದಿಂದಲ್ಲ, ಪುಟಗಳ ವಿಸ್ತರಣೆಯಿಂದ. ಪ್ರಾಚೀನದ ಕೊನೆಯೂ ಅಷ್ಟೇ ಸ್ಥಳೀಯವಾದುದು. ಕ್ರಿ.ಶ. 498ರಲ್ಲಿ ಚಕ್ರವರ್ತಿ ಅನಸ್ತಾಸಿಯಸ್ ತಾಮ್ರದ ನಾಣ್ಯಗಳನ್ನು ಸುಧಾರಿಸಿದ್ದನ್ನು ರೋಮನ್ ಮುಗಿದು ಬೈಜಾಂಟೈನ್ ಶುರುವಾಗುವ ಗಡಿಯಾಗಿ ಸಂಗ್ರಾಹಕರು ಹಿಡಿಯುತ್ತಾರೆ. ಬನವಾಸಿಗಾಗಲಿ ತಲಕಾಡಿಗಾಗಲಿ ಆ ವರ್ಷದಲ್ಲಿ ಯಾವ ವಿಶೇಷವೂ ಇಲ್ಲ.

ಇಲ್ಲಿ ಗಂಭೀರವಾದ ಒಂದು ಆಕ್ಷೇಪವಿದೆ. ವರ್ಷ ಬಿಡಿ, ಯಂತ್ರವನ್ನು ನೋಡಿ ಎನ್ನುವವರಿದ್ದಾರೆ. ಸುತ್ತಿಗೆಯ ಏಟಿನಿಂದ ಹುಟ್ಟಿದ ಪ್ರತಿ ನಾಣ್ಯವೂ ಬೇರೆಬೇರೆ. ಯಂತ್ರದಲ್ಲಿ ಒತ್ತಿದವು ಲಕ್ಷಗಟ್ಟಲೆ ಏಕರೂಪ. ಯಂತ್ರ ಬಂದ ಮೇಲೆ ಇಸವಿ, ಮೌಲ್ಯ, ತಯಾರಾದ ಸಂಖ್ಯೆ ಎಲ್ಲವೂ ದಾಖಲಾದವು, ಆದ್ದರಿಂದ ಆಧುನಿಕ ನಾಣ್ಯವನ್ನು ಇಸವಿವಾರು ಜೋಡಿಸುವುದು ನಾಣ್ಯದ ಸ್ವಭಾವಕ್ಕೇ ತಕ್ಕದ್ದು ಎಂಬುದು ಅವರ ವಾದ. ಏಕರೂಪತೆಯ ಮಾತು ಒಪ್ಪತಕ್ಕದ್ದೇ. ಆದರೆ ಇಸವಿ ಮತ್ತು ಮೌಲ್ಯ ಯಂತ್ರದ ಕೊಡುಗೆ ಎಂಬುದನ್ನು ಮೈಸೂರಿನ ಸಾಕ್ಷ್ಯ ಒಪ್ಪುವುದಿಲ್ಲ. ಟಿಪ್ಪು ಸುಲ್ತಾನನ ನಾಣ್ಯಗಳು ಪೂರ್ತಿ ಕೈ ಅಚ್ಚಿನವು. ಆದರೂ ಅವುಗಳಲ್ಲಿ ವರ್ಷವಿದೆ, ಆಳ್ವಿಕೆಯ ವರ್ಷವಿದೆ, ‘ಪಟ್ಟಣ’, ‘ನಗರ’ ಮುಂತಾದ ಟಂಕಸಾಲೆಗಳ ಹೆಸರಿದೆ. 1787ರ ಹೊತ್ತಿಗೆ ಅವನು ತಂದ ಮೌಲೂದಿ ಶಕೆಯ ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕು. ಪ್ರತಿ ಮೌಲ್ಯಕ್ಕೂ ಹೆಸರಿಟ್ಟವನು ಅವನು: ಎರಡು ರೂಪಾಯಿ ಹೈದರಿ, ಒಂದು ರೂಪಾಯಿ ಇಮಾಮಿ, ಅರ್ಧ ಆಬಿದಿ, ಕಾಲು ಬಾಕಿರಿ, ಬಂಗಾರದಲ್ಲಿ ಅಹಮದಿ, ಸಿದ್ದೀಕಿ, ಫಾರೂಕಿ, ತಾಮ್ರದ ಕಾಸುಗಳಿಗೆ ಜೊಹ್ರಾ, ಬಹ್ರಾಮ್, ಅಖ್ತರ್ ಎಂದು ಗ್ರಹತಾರೆಗಳ ಹೆಸರು. ಆಗಿನ ಯಾವ ಯುರೋಪಿಯನ್ ರಾಜ್ಯದ ನಾಣ್ಯವ್ಯವಸ್ಥೆಗೂ ಇದು ಅಚ್ಚುಕಟ್ಟಿನಲ್ಲಿ ಕಡಿಮೆಯಲ್ಲ. ಇದಕ್ಕೆ ತದ್ವಿರುದ್ಧವಾಗಿ, ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಈಸ್ಟ್ ಇಂಡಿಯಾ ಕಂಪನಿ ಮದ್ರಾಸಿನಲ್ಲಿ ಯಂತ್ರದಿಂದ ಒತ್ತಿಸಿದ ವರಹಗಳಲ್ಲಿ ಒಂದು ಕಡೆ ಗೋಪುರ, ಇನ್ನೊಂದು ಕಡೆ ವಿಷ್ಣು. ಇಸವಿ ಮಾತ್ರ ಇಲ್ಲ. ಕೈ ಅಚ್ಚಿಗೆ ಇಸವಿಯಿದೆ, ಯಂತ್ರದ ನಾಣ್ಯಕ್ಕೆ ದೇವರಿದ್ದಾನೆ. ಯಂತ್ರದ ಗಡಿ ನಿಜವಾದದ್ದೇ ಆದರೂ ಅದು ಹಾದುಹೋಗುವುದು ಒಂದೊಂದು ಟಂಕಸಾಲೆಯಲ್ಲಿ ಒಂದೊಂದು ಕಾಲದಲ್ಲಿ. ಕಲ್ಕತ್ತೆಯಲ್ಲಿ 1829ರಲ್ಲೇ ಆವಿಯಂತ್ರದ ಟಂಕಸಾಲೆ ತೆರೆದಿತ್ತು; ಮೈಸೂರಿನ ಟಂಕಸಾಲೆ ಬೆಂಗಳೂರಿಗೆ ಸ್ಥಳಾಂತರಗೊಂಡು 1843ರಲ್ಲಿ ಮುಚ್ಚುವವರೆಗೂ ಸುತ್ತಿಗೆ ಬಿಟ್ಟಿರಲಿಲ್ಲ.

ಇಕ್ಕೇರಿ ವರಹದ ತೊಡಕು ಕರ್ನಾಟಕದ ವಿಚಿತ್ರವಲ್ಲ. ಜನ ಒಂದು ಚಿತ್ರವನ್ನು ನಂಬಿದ ಮೇಲೆ ಅದನ್ನು ಬದಲಿಸುವ ಧೈರ್ಯ ಯಾವ ಅರಸನಿಗೂ ಸುಲಭವಾಗಿ ಬರುವುದಿಲ್ಲ. ಅಲೆಕ್ಸಾಂಡರ್ ಸತ್ತು ಸುಮಾರು ಎರಡು ಶತಮಾನಗಳವರೆಗೂ ಹಲವು ನಗರಗಳು ಅವನ ಹೆಸರಿನ ಬೆಳ್ಳಿ ನಾಣ್ಯ ಒತ್ತುತ್ತಲೇ ಇದ್ದವು. ಅವನ್ನು ಅರಸನ ಹೆಸರಿನಲ್ಲಿ ಜೋಡಿಸಿದರೆ ಎಲ್ಲವೂ ಒಂದೇ ರಾಶಿಯಾಗುವ ಕಾರಣ ಮಾರ್ಟಿನ್ ಪ್ರೈಸ್ 1991ರ ತನ್ನ ಗ್ರಂಥದಲ್ಲಿ ಟಂಕಸಾಲೆಗಳ ಪ್ರಕಾರ ಬಿಡಿಸಬೇಕಾಯಿತು. ಇನ್ನೂ ಸೊಗಸಾದ ನಿದರ್ಶನ ಆಸ್ಟ್ರಿಯಾದ ರಾಣಿ ಮರಿಯಾ ಥೆರೇಸಾಳ ಬೆಳ್ಳಿಯ ಥಾಲರ್. ಅವಳು ಸತ್ತ 1780ರ ಇಸವಿಯನ್ನೇ ಹೊತ್ತು ಕೆಂಪು ಸಮುದ್ರದ ಎರಡೂ ದಂಡೆಗಳಲ್ಲಿ ಓಡಾಡಿದ ಈ ನಾಣ್ಯವನ್ನು ವಿಯೆನ್ನಾ, ರೋಮ್, ಲಂಡನ್‌ಗಳಲ್ಲಿ ಒತ್ತಿದರು. ಎರಡನೆಯ ಮಹಾಯುದ್ಧದ ನಡುವೆ, 1940–41ರಲ್ಲಿ, ಮುಂಬಯಿ ಟಂಕಸಾಲೆಯೂ ಒತ್ತಿತು. ಆಸ್ಟ್ರಿಯಾದ ಮುಖ, ಹದಿನೆಂಟನೆಯ ಶತಮಾನದ ಇಸವಿ, ಮುಂಬಯಿಯ ಯಂತ್ರ, ಇಥಿಯೋಪಿಯಾ ಮತ್ತು ಅರೇಬಿಯಾದ ಸಂತೆ. ದೇಶ ಮತ್ತು ಇಸವಿ ಎಂಬ ಎರಡೇ ಕೀಲಿ ಇಟ್ಟುಕೊಂಡ ಕ್ಯಾಟಲಾಗ್ ಇದನ್ನು ಆಸ್ಟ್ರಿಯಾದ 1780ರ ಪುಟದಲ್ಲಿ ಇಟ್ಟು ಕೈ ತೊಳೆದುಕೊಳ್ಳುತ್ತದೆ.

ಖಾನೆ ತಪ್ಪಾದರೂ ನಾಣ್ಯ ಸಿಕ್ಕರೆ ಸಾಕಲ್ಲವೇ, ಸಂಗ್ರಾಹಕನಿಗೆ ಬೇಕಾದದ್ದು ಸಂಖ್ಯೆ ಮತ್ತು ಬೆಲೆ ಎಂಬ ವ್ಯಾವಹಾರಿಕ ಮಾತೂ ಕೇಳಿಬರುತ್ತದೆ. ಸಂಖ್ಯೆಯಿಲ್ಲದ ನಾಣ್ಯಕ್ಕೆ ಏನಾಗುತ್ತದೆ ಎಂಬುದೇ ಇದಕ್ಕೆ ಉತ್ತರ. ದಕ್ಷಿಣದ ಸಣ್ಣ ತಾಮ್ರದ ಕಾಸುಗಳಲ್ಲಿ ಎಷ್ಟೋ ನಾಣ್ಯಗಳಿಗೆ ಲೇಖವೇ ಇಲ್ಲ. ಆನೆ, ಗೂಳಿ, ಗಂಡಭೇರುಂಡ, ಸೂರ್ಯಚಂದ್ರ ಇಷ್ಟೇ. ಅರಸನ ಹೆಸರು ಕೇಳುವ ಪುಸ್ತಕದಲ್ಲಿ ಅವು ‘ಅನಿಶ್ಚಿತ’ ಎಂಬ ಬಾಲಂಗೋಚಿಗೆ ಸೇರುತ್ತವೆ, ಬೆಲೆ ಇಳಿಯುತ್ತದೆ, ಕಡೆಗೆ ಸಿಕ್ಕ ಊರಿನ ವಿವರವನ್ನೂ ಯಾರೂ ಬರೆದಿಡುವುದಿಲ್ಲ. ಖಾನೆಯ ತಪ್ಪು ಹೀಗೆ ಸಾಕ್ಷ್ಯದ ನಾಶವಾಗುತ್ತದೆ. ಕಾನೂನಿಗೂ ತನ್ನದೇ ಗೆರೆಯಿದೆ, ಅದು ಕಾಲದೊಂದಿಗೆ ಚಲಿಸುವ ಗೆರೆ: 1972ರ ಪುರಾವಸ್ತು ಕಾಯಿದೆಯ ಪ್ರಕಾರ ನೂರು ವರ್ಷ ತುಂಬಿದ ನಾಣ್ಯ ಪುರಾವಸ್ತು. ಕ್ಯಾಟಲಾಗಿನಲ್ಲಿ ಆಧುನಿಕವೆನಿಸಿಕೊಂಡ ಐದನೆಯ ಜಾರ್ಜನ ರೂಪಾಯಿ ವರ್ಷ ಕಳೆದಂತೆ ತಂತಾನೆ ಪುರಾತನವಾಗುತ್ತದೆ.

ಹಾಗಾದರೆ ಅರಸುಮನೆತನದ ಕ್ರಮವನ್ನು ಕೈಬಿಡಬೇಕೆ? ವಾಲ್ಟರ್ ಎಲಿಯಟ್ 1886ರ ‘ಕಾಯಿನ್ಸ್ ಆಫ್ ಸದರ್ನ್ ಇಂಡಿಯಾ’ದಿಂದ ಎ.ವಿ. ನರಸಿಂಹಮೂರ್ತಿಯವರ ‘ದಿ ಕಾಯಿನ್ಸ್ ಆಫ್ ಕರ್ನಾಟಕ’ದವರೆಗೆ ನಮ್ಮ ನಾಣ್ಯಗಳ ಅಧ್ಯಯನ ನಿಂತಿರುವುದು ಆ ಅಡಿಪಾಯದ ಮೇಲೆ, ಶಾಸನಗಳ ಜೊತೆ ನಾಣ್ಯಗಳನ್ನು ಹೊಂದಿಸಿ ನೋಡಲು ಅದು ಬೇಕೇ ಬೇಕು. ಬೇಡವಾದದ್ದು ಅದೊಂದೇ ಸಾಕು ಎಂಬ ಭಾವನೆ. ಮೈಕೇಲ್ ಮಿಚಿನರ್ 1977ರಿಂದ 1979ರ ನಡುವೆ ಪೌರ್ವಾತ್ಯ ನಾಣ್ಯಗಳನ್ನು ಪ್ರಾಚೀನ ಜಗತ್ತು, ಇಸ್ಲಾಮೀ ಜಗತ್ತು, ಇಸ್ಲಾಮೇತರ ರಾಜ್ಯಗಳು ಎಂದು ಮೂರು ಸಂಪುಟಗಳಲ್ಲಿ ಹಂಚಿದಾಗ ಕಾಲವನ್ನೂ ಧರ್ಮವನ್ನೂ ಒಂದೇ ಗೆರೆಯಲ್ಲಿ ಎಳೆದಂತಾಯಿತು. ಹೈದರಾಲಿಯ ಶಿವಪಾರ್ವತಿ ವರಹವನ್ನು ಅಂಥ ಗೆರೆಯ ಯಾವ ಬದಿಗೆ ಇಟ್ಟರೂ ಅರ್ಧ ಸತ್ಯ ಇನ್ನೊಂದು ಬದಿಯಲ್ಲಿ ಉಳಿಯುತ್ತದೆ. ಹೊರಡಿಸಿದವರು, ಟಂಕಸಾಲೆ, ಚಿತ್ರ, ಲೇಖ, ತೂಕಮಾನ, ಸಿಕ್ಕ ಸ್ಥಳ ಇವನ್ನು ಬೇರೆಬೇರೆ ಅಂಕಣಗಳಲ್ಲಿ ದಾಖಲಿಸಿ, ಒಂದು ಅಂಕಣ ತಿಳಿಯದಿದ್ದರೆ ಉಳಿದವುಗಳ ಮೂಲಕ ನಾಣ್ಯವನ್ನು ಹುಡುಕುವಂತೆ ಮಾಡುವುದು ದಾರಿ. ‘ಶ್ರೀ ಸದಾಶಿವ’ ಎಂಬ ಲೇಖದ ವಿಷಯದಲ್ಲಿ ಇದು ಈಗಲೇ ಆಗಬೇಕಾದ ಕೆಲಸ. ಕೆಳದಿಯ ಸದಾಶಿವ ನಾಯಕನ ಕಾಲದಲ್ಲೇ ವಿಜಯನಗರದಲ್ಲಿ ಸದಾಶಿವರಾಯನೂ ಇದ್ದ. ನಾಯಕನ ಉತ್ತರಾಧಿಕಾರಿಗಳು ಹಳೆಯ ಹೆಸರನ್ನೇ ಮುಂದುವರಿಸಿದರು. ಇವುಗಳಲ್ಲಿ ಯಾವುದು ಯಾರ ಕಾಲದ್ದು ಎಂಬುದನ್ನು ಹೆಸರು ಹೇಳಲಾರದು. ಅಚ್ಚುಗಳ ಸವಕಳಿಯ ಸರಣಿ, ಬಂಗಾರದ ಶುದ್ಧತೆ ಮತ್ತು ನಿಧಿಗಳಲ್ಲಿ ಜೊತೆಗೆ ಸಿಕ್ಕ ನಾಣ್ಯಗಳು ಹೇಳಬಲ್ಲವು, ಅವುಗಳನ್ನು ಬರೆದುಕೊಳ್ಳಲು ಪಟ್ಟಿಯಲ್ಲಿ ಜಾಗ ಬಿಟ್ಟಿದ್ದರೆ.