ಮಾರ್ನಮಿಗೆ ನಾನೂರು, ದುಂಡಸಿಗೆ ಎಷ್ಟು?

2010ರ ಅಕ್ಟೋಬರ್‌ನಲ್ಲಿ ಹುಬ್ಬಳ್ಳಿಯಿಂದ ಬರುವ ಪೇಪರಿನಲ್ಲಿ ಜಾಗಕ್ಕೇ ಜಗಳ. ಮೊದಲ ಪುಟದಲ್ಲಿ ಯಡಿಯೂರಪ್ಪನವರ ವಿಶ್ವಾಸಮತ, ಅದೂ ಒಂದೇ ವಾರದಲ್ಲಿ ಎರಡು ಸಲ. ಕೊನೆಯ ಪುಟದಲ್ಲಿ ದೆಹಲಿಯ ಕಾಮನ್‌ವೆಲ್ತ್ ಕ್ರೀಡಾಕೂಟ. ನಡುವಿನ ಬಣ್ಣದ ಪುಟಗಳ ತುಂಬ ಮೈಸೂರು ದಸರೆಗೆ ನಾನೂರು ವರ್ಷ ತುಂಬಿದ ಸಂಭ್ರಮ. ದುಂಡಸಿ ಬಸ್‌ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಒಂದೇ ಪೇಪರನ್ನು ಮೂರು ತುಂಡು ಮಾಡಿಕೊಂಡು ಓದುತ್ತಿದ್ದೆವು. ರಾಜಕೀಯದವರಿಗೆ ಮೊದಲ ಹಾಳೆ, ಭಕ್ತರಿಗೆ ನಡುವಿನದು, ಪಿ.ಟಿ. ಮಾಸ್ತರನಾದ ನನಗೆ ಕೊನೆಯದು. ಮೂರನ್ನೂ ಓದಿ ಮುಗಿಸಿದ ದಿನ ಹುಟ್ಟಿದ ಪ್ರಶ್ನೆ ನಾನು ನಿವೃತ್ತನಾದ ಮೇಲೂ ಬಿಟ್ಟಿಲ್ಲ: ಈ ನಾನೂರು ಯಾರ ನಾನೂರು?

ಮೈಸೂರಿನ ಲೆಕ್ಕ ಸರಳ. 1610ರಲ್ಲಿ ರಾಜ ಒಡೆಯರು ವಿಜಯನಗರದ ಪ್ರತಿನಿಧಿ ತಿರುಮಲನಿಂದ ಶ್ರೀರಂಗಪಟ್ಟಣವನ್ನು ತೆಗೆದುಕೊಂಡರು. ಅದೇ ವರ್ಷ ಅಲ್ಲಿ ಮಹಾನವಮಿ ನಡೆಸಿದರು. ಹಬ್ಬದ ಹಿಂದಿನ ದಿನವೇ ಮಗ ನರಸರಾಜ ತೀರಿಕೊಂಡರಂತೆ. ಒಡೆಯರು ಪಂಡಿತರನ್ನು ಕೇಳಿ, ಹಬ್ಬ ನಿಲ್ಲಿಸಲಿಲ್ಲವಂತೆ. ಅರಮನೆಯಲ್ಲಿ ಸಾವಾದರೂ ದಸರೆ ನಿಲ್ಲಬಾರದೆಂಬ ಕಟ್ಟಳೆ ಅಂದಿನಿಂದ ಬಂತೆನ್ನುತ್ತಾರೆ. ಮಗನ ಹೆಣದ ಸೂತಕದಲ್ಲಿ ಸಿಂಹಾಸನ ಏರುವುದು ಭಕ್ತಿಯೋ ರಾಜಕಾರಣವೋ, ನಾನು ಹೇಳಲಾರೆ. ಹೊಸದಾಗಿ ಗೆದ್ದ ಊರಿನಲ್ಲಿ ಮೊದಲ ಹಬ್ಬವೇ ತಪ್ಪಿದ್ದರೆ ಸುತ್ತಲಿನ ಪಾಳೆಯಗಾರರು ಏನೆಂದುಕೊಳ್ಳುತ್ತಿದ್ದರು ಎಂಬುದಂತೂ ಅವರಿಗೆ ಗೊತ್ತಿತ್ತು. (1610ನ್ನೂ ಎಣಿಸಿದರೆ 2010ರದು ನಾನೂರಾ ಒಂದನೆಯ ದಸರೆ. ಸರ್ಕಾರಕ್ಕೆ ಗುಂಡಗಿನ ಸಂಖ್ಯೆಯೇ ಇಷ್ಟ.)

ಅದೇ 1610ರಲ್ಲಿ ನಮ್ಮ ಸೀಮೆ ಎಲ್ಲಿತ್ತು? ದುಂಡಸಿ ಈಗ ಶಿಗ್ಗಾಂವಿ ತಾಲೂಕಿನ ಹೋಬಳಿ. ಮೂಡಲಿಗೆ ಬಯಲು, ಪಡುವಲಿಗೆ ಮುಂಡಗೋಡದ ಕಾಡು. ಬಂಕಾಪುರದ ಕೋಟೆ ಯಾರ ಕೈಯಲ್ಲೋ ನಾವೂ ಅವರ ಕೈಯಲ್ಲಿ. ಆ ಕೋಟೆ 1570ರ ದಶಕದಲ್ಲೇ ಆದಿಲಶಾಹಿಗಳಿಗೆ ಸೇರಿತ್ತು. ಅಂದರೆ ಶ್ರೀರಂಗಪಟ್ಟಣದಲ್ಲಿ ಮೊದಲ ದಸರೆ ನಡೆದಾಗ ನಮ್ಮ ದೊರೆ ವಿಜಾಪುರದ ಎರಡನೆಯ ಇಬ್ರಾಹಿಂ ಆದಿಲಶಹಾ. ಮುಂದೆ ಔರಂಗಜೇಬನ ಕಾಲದಲ್ಲಿ ಸವಣೂರು ನವಾಬರ ಮನೆತನ ಬಂತು. ಆಮೇಲೆ ಪೇಶ್ವೆ, ಆಮೇಲೆ ಕುಂಪಣಿ, ಆಮೇಲೆ ಮುಂಬಯಿ ಇಲಾಖೆಯ ಧಾರವಾಡ ಜಿಲ್ಲೆ. ಈ ಯಾದಿಯಲ್ಲಿ ಒಡೆಯರ ಹೆಸರಿಲ್ಲ. ಮೈಸೂರಿನ ದಂಡು ಮಾತ್ರ ಬಂದಿತ್ತು. 1764ರಲ್ಲಿ ಹೈದರಲಿ ಸವಣೂರಿನ ನವಾಬನನ್ನು ಮಣಿಸಿದ. 1779ರಲ್ಲಿ ಎರಡೂ ಮನೆಗಳ ನಡುವೆ ಹೆಣ್ಣು ಕೊಟ್ಟು ಹೆಣ್ಣು ತರುವ ಜೋಡಿ ಮದುವೆ ನಡೆಯಿತು. ಬೀಗರಾದರೂ ಬಿಡಲಿಲ್ಲ: 1786ರಲ್ಲಿ ಟಿಪ್ಪು ಮತ್ತು ಮರಾಠರು ಕಾದಾಡಿದ್ದು ಸವಣೂರಿನ ಸುತ್ತಲಲ್ಲೇ. ಕುದುರೆ ಕಾಲಿಗೆ ಬೆಳೆ ಸಿಕ್ಕಿತೇ ಹೊರತು ದಸರೆಯ ಆನೆ ಇತ್ತ ಬರಲಿಲ್ಲ.

ಹಾಗಂತ ನಮಗೆ ಮಾರ್ನಮಿ ಇಲ್ಲದೆ ಇತ್ತೇ? ಮೈಸೂರಿನದಕ್ಕಿಂತ ನಮ್ಮದೇ ಹಳೆಯದೆಂದು ನಾನು ಧೈರ್ಯವಾಗಿ ವಾದಿಸುತ್ತೇನೆ. ರಾಜ ಒಡೆಯರು ಹೊಸದಾಗಿ ಏನೂ ಹುಟ್ಟಿಸಲಿಲ್ಲ, ಹಂಪಿಯದನ್ನು ಕೈಗೆತ್ತಿಕೊಂಡರು. ಹಂಪಿ ಉರಿದ ಮೇಲೆ ಆ ಹಬ್ಬದ ರಾಜವೈಭವ ತೆಂಕಣಕ್ಕೆ ಹೋಯಿತು, ಮಂದಿಯ ಭಾಗ ಇಲ್ಲೇ ಉಳಿಯಿತು. ಘಟ್ಟ ಹಾಕಿ ಸಸಿ ಬೆಳೆಸುವುದು, ಖಂಡೇನವಮಿಗೆ ಕುಡಗೋಲು, ಕೊಡಲಿ, ಈಗ ಟ್ರ್ಯಾಕ್ಟರು, ಎಲ್ಲಕ್ಕೂ ಕುಂಕುಮ ಇಡುವುದು, ದಶಮಿಯ ಸಂಜೆ ಪಲ್ಲಕ್ಕಿ ಊರ ಸೀಮೆಯ ಬನ್ನಿ ಗಿಡಕ್ಕೆ ಹೋಗುವುದು. ರಾತ್ರಿ ಮನೆಮನೆಗೆ ಹೋಗಿ ಎಲೆ ಕೊಟ್ಟು ‘ಬನ್ನಿ ತಗೊಂಡು ಬಂಗಾರದಂಗ ಇರೋಣು’ ಅನ್ನುತ್ತೇವೆ. ವರ್ಷವಿಡೀ ಹೊಲದ ಬದುವಿಗಾಗಿ ಮಾತು ಬಿಟ್ಟವರೂ ಆ ರಾತ್ರಿ ಎಲೆ ಹಿಡಿದು ಕಟ್ಟೆ ಹತ್ತಲೇಬೇಕು. ಇದಕ್ಕೆ ರಾಜ ಬೇಕಿಲ್ಲ, ಆದ್ದರಿಂದ ಇದಕ್ಕೆ ಇಸವಿಯೂ ಇಲ್ಲ.

ಇನ್ನೊಂದು ಭಾಗವೂ ಉಳಿಯಿತು, ನನ್ನ ಕಸುಬಿಗೆ ಹತ್ತಿರದ್ದು: ಕುಸ್ತಿ. ಕೃಷ್ಣದೇವರಾಯನ ಕಾಲದಲ್ಲಿ, 1520ರ ಸುಮಾರಿಗೆ, ಹಂಪಿಯ ಮಹಾನವಮಿ ಕಂಡ ಪೋರ್ಚುಗೀಸ್ ವ್ಯಾಪಾರಿ ದೊಮಿಂಗೊ ಪಾಯಸ್ ಅಲ್ಲಿಯ ಜಟ್ಟಿಗಳನ್ನು ವರ್ಣಿಸಿದ್ದಾನೆ. ಹಲ್ಲು ಉದುರುವಂಥ, ಕಣ್ಣೇ ಹೋಗುವಂಥ ಏಟುಗಳು ಎನ್ನುತ್ತಾನೆ. ಮೈಸೂರು ಅರಮನೆಯ ತೊಟ್ಟಿಯಲ್ಲಿ ವಿಜಯದಶಮಿಯ ಬೆಳಿಗ್ಗೆ ಇಂದಿಗೂ ನಡೆಯುವ ವಜ್ರಮುಷ್ಟಿ ಕಾಳಗ ಆ ವಂಶದ್ದೇ. ತಲೆ ಬೋಳಿಸಿಕೊಂಡ ಜಟ್ಟಿಗಳು, ಕೈಯಲ್ಲಿ ಮೊನಚಾದ ಮುಷ್ಟಿ. ಎದುರಾಳಿಯ ತಲೆಯಿಂದ ಮೊದಲ ಹನಿ ರಕ್ತ ಚಿಮ್ಮಿದ ಕೂಡಲೇ ಕಾಳಗ ಮುಗಿಯಿತು, ಜಂಬೂಸವಾರಿಗೆ ಹಾದಿ ಬಿಟ್ಟಂತೆ. ಗೆಲುವು ಸೋಲು ಅಲ್ಲಿ ಮುಖ್ಯವಲ್ಲ, ರಕ್ತ ಮುಖ್ಯ. ಪಿ.ಟಿ. ಮಾಸ್ತರನ ಕಣ್ಣಿಗೆ ಅದು ಆಟವಲ್ಲ, ಪೂಜೆ.

ನಮ್ಮ ಕಡೆಯ ಕುಸ್ತಿ ಪಕ್ಕಾ ಆಟ. ಒಡೆಯರಿಲ್ಲದ ಸೀಮೆಯಲ್ಲಿ ಪೈಲ್ವಾನರಿಗೆ ಆಸರೆಯಾದವರು ಜಾತ್ರೆಯ ಕಮಿಟಿಯವರು, ಊರ ಗೌಡರು, ದಲ್ಲಾಳಿಗಳು. ಇನ್ನೂ ಬಡಗಣಕ್ಕೆ ಹೋದರೆ ಕೊಲ್ಲಾಪುರ, ಸಾಂಗ್ಲಿ, ಮುಧೋಳ, ಜಮಖಂಡಿಯ ಸಂಸ್ಥಾನಿಕರು. ಹಲಗೆ ಬಡಿತ, ಕೆಮ್ಮಣ್ಣಿಗೆ ಎಣ್ಣೆ ಅರಿಸಿನ ಬೆರೆಸಿ ಹದ ಮಾಡಿದ ಕಣ, ಗೆದ್ದವನಿಗೆ ಬೆಳ್ಳಿ ಕಡಗ. ಜಂಗೀ ನಿಕಾಲಿ ಅಂದರೆ ಒಬ್ಬನ ಬೆನ್ನು ಮಣ್ಣಿಗೆ ಮುಟ್ಟುವ ತನಕ ಬಿಡುವಂತಿಲ್ಲ. ಈ ಮಣ್ಣಿನವರು ಮೈಸೂರಿಗೆ ಹೋಗಿ ದಸರಾ ಕೇಸರಿ, ದಸರಾ ಕಂಠೀರವ ಪಟ್ಟಕ್ಕೆ ಸೆಣಸುವ ಕಾಲ ಬರಲು 1956ರ ನವೆಂಬರ್ 1 ಬರಬೇಕಾಯಿತು. ಧಾರವಾಡ ಜಿಲ್ಲೆ ಅಂದು ಮೈಸೂರು ರಾಜ್ಯಕ್ಕೆ ಸೇರಿತು. ಹೊಸ ರಾಜ್ಯದ ರಾಜ್ಯಪಾಲರಾದವರು ಜಯಚಾಮರಾಜ ಒಡೆಯರು. ದುಂಡಸಿಯ ಮೇಲೆ ಒಡೆಯರ ಮನೆತನದ ಮೊದಲ ಅಧಿಕಾರ ಹೀಗೆ ರಾಷ್ಟ್ರಪತಿಯವರ ನೇಮಕಪತ್ರದ ಮೂಲಕ ಬಂತು!

ಅದೂ ಹೆಚ್ಚು ಕಾಲ ಬಾಳಲಿಲ್ಲ, ಹಬ್ಬದ ಮೇಲಿನ ಹಿಡಿತವೂ ಉಳಿಯಲಿಲ್ಲ. 1971ರಲ್ಲಿ ರಾಜಧನ ರದ್ದಾಯಿತು. ಅರಸರು ಕೂರುತ್ತಿದ್ದ 750 ಕಿಲೋ ತೂಕದ ಅಂಬಾರಿಯಲ್ಲಿ ಚಾಮುಂಡೇಶ್ವರಿ ಕುಳಿತಳು, ಹಬ್ಬದ ಯಜಮಾನಿಕೆ ಸರ್ಕಾರಕ್ಕೆ ಬಂತು. ಒಡೆಯರಿಗೆ ಉಳಿದದ್ದು ಅರಮನೆಯೊಳಗಿನ ಖಾಸಗಿ ದರ್ಬಾರು. ಸರ್ಕಾರ ಯಜಮಾನನಾದರೆ ಏನಾಗುತ್ತದೆ? ಸುತ್ತೋಲೆ ಹೊರಡುತ್ತದೆ. ದಸರೆ ದುಂಡಸಿಗೆ ಬಂದದ್ದು ಆ ಸುತ್ತೋಲೆಯ ಜೊತೆ, ‘ದಸರಾ ಕ್ರೀಡಾಕೂಟ’ ಎಂಬ ಹೆಸರಿನಲ್ಲಿ.

ಇದರ ಬಗ್ಗೆ ಇತಿಹಾಸದ ಪುಸ್ತಕಗಳು ಒಂದು ಸಾಲೂ ಬರೆಯುವುದಿಲ್ಲ, ಆದ್ದರಿಂದ ನಾನು ತುಸು ಹೆಚ್ಚೇ ಬರೆಯುತ್ತೇನೆ. ಕ್ರೀಡಾಕೂಟಕ್ಕೆ ಮೆಟ್ಟಿಲು ನಾಲ್ಕು: ತಾಲೂಕು, ಜಿಲ್ಲೆ, ವಿಭಾಗ, ಕೊನೆಗೆ ದಸರೆಯ ಹೊತ್ತಿಗೆ ಮೈಸೂರಿನ ಚಾಮುಂಡಿ ವಿಹಾರ. ನಮಗೆ ಶಿಗ್ಗಾಂವಿ, ಹಾವೇರಿ, ಬೆಳಗಾವಿ ವಿಭಾಗ, ಆಮೇಲೆ ಸುಮಾರು 400 ಕಿಲೋಮೀಟರಿನಾಚೆಯ ಮೈಸೂರು. ತಾಲೂಕು ಮಟ್ಟದ ಕೂಟ ಬರುವುದು ಸರಿಯಾಗಿ ಮಳೆಗಾಲದ ಬಾಲದಲ್ಲಿ. ನಮ್ಮದು ಅರೆಮಲೆನಾಡು, ಮಳೆ ಹೇಳಿ ಕೇಳಿ ಬರುವುದಿಲ್ಲ. ಮೈದಾನದಲ್ಲಿ ಸುಣ್ಣದ ಗೆರೆ ಎಳೆದು ಮುಗಿಸುವಷ್ಟರಲ್ಲಿ ಜಡಿಮಳೆ ಬಿದ್ದು ಎಂಟು ಗೆರೆ ಒಂದೇ ಬಿಳಿ ಹಳ್ಳವಾಗಿ ಹರಿಯುತ್ತಿತ್ತು. ಮತ್ತೆ ಎಳೆಯುತ್ತಿದ್ದೆವು. ಬೂಟು ಇದ್ದ ಹುಡುಗರು ಜಾರಿ ಬೀಳುತ್ತಿದ್ದರು, ಬರಿಗಾಲಿನವರು ಗೆಲ್ಲುತ್ತಿದ್ದರು. ಗೋವಿನಜೋಳ ಮುರಿಯುವ ಹಂಗಾಮು ಬೇರೆ. ‘ಹುಡುಗನ್ನ ಕಳಸಿದರ ಹೊಲದಾಗ ತೆನಿ ಮುರಿಯಾವರು ಯಾರು ಮಾಸ್ತರ?’ ಎಂದು ಅಪ್ಪಂದಿರು ಕೇಳಿದರೆ ನನ್ನ ಬಳಿ ಇದ್ದ ಉತ್ತರ ಒಂದೇ, ‘ಮೈಸೂರು ನೋಡಿಕೊಂಡು ಬರ್ತಾನ.’ ಅದು ಕೆಲಸ ಮಾಡುತ್ತಿತ್ತು. ವಿಭಾಗ ದಾಟಿದ ಹುಡುಗರು ಹಾವೇರಿಯಲ್ಲಿ ರೈಲು ಹತ್ತಿ ಹೋಗಿ, ಮೂರೂಸಂಜೆ ಅರಮನೆಗೆ ದೀಪ ಹತ್ತುವುದನ್ನು ನೋಡಿ ಬರುತ್ತಿದ್ದರು. ಓಟದಲ್ಲಿ ಎಷ್ಟನೆಯವನಾದೆ ಎಂಬುದಕ್ಕಿಂತ ಆ ದೀಪದ ಸುದ್ದಿ ಊರಿನಲ್ಲಿ ಹೆಚ್ಚು ದಿನ ಓಡುತ್ತಿತ್ತು. ನಾನೂರು ವರ್ಷದ ಇತಿಹಾಸದಲ್ಲಿ ದುಂಡಸಿಯ ಪಾಲು ಇದು. ನನಗೆ ಸಣ್ಣದೆನಿಸುವುದಿಲ್ಲ.

ಹಾಗಾಗಿ 2010ರಲ್ಲಿ ದಸರೆಯ ನಾನೂರೂ ದೇಶದ ಅತಿ ದೊಡ್ಡ ಕ್ರೀಡಾಕೂಟವೂ ಒಟ್ಟಿಗೇ ಬಂದಾಗ ನನಗೆ ಅದು ಬರೀ ಪಂಚಾಂಗದ ಆಕಸ್ಮಿಕವಾಗಿ ಕಾಣಲಿಲ್ಲ. ಅಕ್ಟೋಬರ್ 3ಕ್ಕೆ ದೆಹಲಿಯಲ್ಲಿ ಉದ್ಘಾಟನೆ, 8ಕ್ಕೆ ನವರಾತ್ರಿ ಆರಂಭ, 14ಕ್ಕೆ ಕ್ರೀಡಾಕೂಟದ ಸಮಾರೋಪ, 17ಕ್ಕೆ ಜಂಬೂಸವಾರಿ. ಇಲ್ಲಿ ಒಡೆಯರ ಹೆಸರು, ಅಲ್ಲಿ ಎಲಿಜಬೆತ್ ರಾಣಿಯದು. ಕಾಮನ್‌ವೆಲ್ತ್ ಕೂಟ 1930ರಲ್ಲಿ ಕೆನಡಾದ ಹ್ಯಾಮಿಲ್ಟನ್‌ನಲ್ಲಿ ಹುಟ್ಟಿದಾಗ ಅದರ ಹೆಸರು ಬ್ರಿಟಿಷ್ ಸಾಮ್ರಾಜ್ಯದ ಕ್ರೀಡಾಕೂಟ. ಅದೂ ಸಿಂಹಾಸನದ ಸುತ್ತಲಿನ ಆಟವೇ. ರಾಣಿ ದೆಹಲಿಗೆ ಬರಲಿಲ್ಲ, ಮಗ ಚಾರ್ಲ್ಸ್ ಬಂದರು. ಆದರೆ ರಾಣಿಯ ಸಂದೇಶ ಹೊತ್ತ ಬ್ಯಾಟನ್ ಮಾತ್ರ ಊರೂರು ತಿರುಗಿತ್ತು. ಅದರ ವಿನ್ಯಾಸ ಬೆಂಗಳೂರಿನ ಮೈಕೆಲ್ ಫೋಲಿಯವರದು. ಅದರ ಮೈಗೆ ದೇಶದ ನಾನಾ ಭಾಗದ ಬಣ್ಣಬಣ್ಣದ ಮಣ್ಣು ಹಚ್ಚಿದ್ದರು. ರಾಣಿಯ ಕೋಲಿಗೂ ಅಖಾಡದ ಬುದ್ಧಿ ಬಂತಲ್ಲ ಎಂದು ನಮ್ಮ ವಸ್ತಾದರೊಬ್ಬರು ನಕ್ಕರು.

ಭಾರತ ಈ ಕೂಟಕ್ಕೆ ಮೊದಲು ಹೋದದ್ದು 1934ರಲ್ಲಿ, ಲಂಡನ್ನಿಗೆ. ತಂದ ಪದಕ ಒಂದೇ, ರಶೀದ್ ಅನ್ವರ್ ಗೆದ್ದ ಕಂಚು, ಅದೂ ಕುಸ್ತಿಯಲ್ಲಿ. 2010ರಲ್ಲಿ ಸಿಕ್ಕ 38 ಚಿನ್ನದಲ್ಲಿ ಹತ್ತು ಕುಸ್ತಿಯದೇ. ಗೀತಾ ಫೋಗಟ್ ಗೆದ್ದ ದಿನ ನಮ್ಮ ಶಾಲೆಯ ಹುಡುಗಿಯರು ‘ನಮಗೂ ಕುಸ್ತಿ ಕಲಸರಿ’ ಎಂದು ಬಂದು ನಿಂತರು. ನನಗೆ ಗೊತ್ತಿದ್ದದ್ದು ಮಣ್ಣಿನ ಪಟ್ಟುಗಳು, ಅವರು ಕೇಳಿದ್ದು ಮ್ಯಾಟಿನ ಮೇಲಿನದು.

ಅದೇ ವಾರ ಬೆಂಗಳೂರಿನಲ್ಲಿ ಇನ್ನೊಂದು ಅಂತರರಾಷ್ಟ್ರೀಯ ಆಟ ನಡೆದಿತ್ತು, ಅದನ್ನು ಯಾರೂ ದಸರೆಯ ಲೆಕ್ಕಕ್ಕೆ ಸೇರಿಸಿ ಬರೆದದ್ದು ನನ್ನ ಕಣ್ಣಿಗೆ ಬಿದ್ದಿಲ್ಲ. ಅಕ್ಟೋಬರ್ 9ರಿಂದ 13ರವರೆಗೆ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಆಸ್ಟ್ರೇಲಿಯಾ ಎದುರು ಟೆಸ್ಟ್. ಆತಿಥ್ಯ ಕರ್ನಾಟಕ ರಾಜ್ಯ ಕ್ರಿಕೆಟ್ ಸಂಸ್ಥೆಯದು, 1933ರಲ್ಲಿ ಮೈಸೂರಿನ ಹೆಸರಿನಲ್ಲಿ ಶುರುವಾದ ಸಂಸ್ಥೆ ಅದು. ಆಗ ಅದರ ಅಧ್ಯಕ್ಷರು ಶ್ರೀಕಂಠದತ್ತ ನರಸಿಂಹರಾಜ ಒಡೆಯರು. ಅತ್ತ ಮೈಸೂರಿನಲ್ಲಿ ನಾನೂರರ ನವರಾತ್ರಿ, ಅವರದೇ ಖಾಸಗಿ ದರ್ಬಾರು. ಕಂಕಣ ಕಟ್ಟಿಕೊಂಡವರು ಹಬ್ಬ ಮುಗಿಯುವ ತನಕ ಅರಮನೆ ಬಿಟ್ಟು ಕದಲಬಾರದೆಂಬ ಪದ್ಧತಿ. ಒಂದು ಪೀಠ ಹುಟ್ಟಿನಿಂದ ಬಂದದ್ದು, ಇನ್ನೊಂದು ಮತ ಎಣಿಸಿ ಸಿಕ್ಕದ್ದು, ಎರಡಕ್ಕೂ ಒಂದೇ ವಾರ ಕೆಲಸ! ಸಚಿನ್ 214 ಹೊಡೆದರು. ಎರಡನೆಯ ಇನಿಂಗ್ಸ್‌ನಲ್ಲಿ ದ್ರಾವಿಡ್ ತಮ್ಮ ಮೂರನೆಯ ಕ್ರಮಾಂಕಕ್ಕೆ ಹೊಸ ಹುಡುಗ ಪೂಜಾರನನ್ನು ಬಿಟ್ಟು ತಾವು ಕೆಳಗೆ ಇಳಿದರು, ಹುಡುಗ 72 ಮಾಡಿದ, ಏಳು ವಿಕೆಟ್‌ಗಳ ಗೆಲುವು. ತನ್ನ ಜಾಗ ಬಿಟ್ಟುಕೊಟ್ಟು ಗೆದ್ದವರ ಕಥೆ ಆ ವಾರ ವಿಧಾನಸೌಧದಲ್ಲಿ ಯಾರೂ ಓದಿದಂತಿರಲಿಲ್ಲ. ಮುಂದಿನ ತಿಂಗಳು ಕ್ರಿಕೆಟ್ ಸಂಸ್ಥೆಗೆ ಚುನಾವಣೆಯಾಗಿ ಅನಿಲ್ ಕುಂಬ್ಳೆ ಅಧ್ಯಕ್ಷರಾದರು.

ದೆಹಲಿಯಲ್ಲಿ ನಮ್ಮವರೂ ಗೆದ್ದರು. ಮೈಸೂರಿನಲ್ಲೇ ಹುಟ್ಟಿದ ವಿಕಾಸ್ ಗೌಡ ಚಕ್ರ ಎಸೆದು ಬೆಳ್ಳಿ ತಂದರು. 14ರಂದು, ವಿಧಾನಸಭೆಯಲ್ಲಿ ಎರಡನೆಯ ವಿಶ್ವಾಸಮತದ ದಿನ, ಕೊಡಗಿನ ಅಶ್ವಿನಿ ಪೊನ್ನಪ್ಪ ಜ್ವಾಲಾ ಗುಟ್ಟಾ ಜೊತೆ ಬ್ಯಾಡ್ಮಿಂಟನ್ ಚಿನ್ನ ಗೆದ್ದರು. ಕುಂದಾಪುರ ಕಡೆಯ ಸಿದ್ದಾಪುರದ ಅಶ್ವಿನಿ ಅಕ್ಕುಂಜಿ 4x400 ರಿಲೇ ತಂಡದಲ್ಲಿ ಚಿನ್ನ ಗೆದ್ದರು. ಮರುವರ್ಷ ಆ ನಾಲ್ವರಲ್ಲಿ ಮೂವರು ಉದ್ದೀಪನ ಮದ್ದಿನ ಪರೀಕ್ಷೆಯಲ್ಲಿ ಸಿಕ್ಕು ನಿಷೇಧಕ್ಕೆ ಒಳಗಾದಾಗ ತರಗತಿಯಲ್ಲಿ ಆ ಸುದ್ದಿ ಓದಿಸುವುದು ನನಗೆ ಕಷ್ಟವಾಯಿತು, ಆದರೆ ಓದಿಸಿದೆ.

ನಮ್ಮ ಹುಡುಗರಿಗೆ ಹಿಡಿಸಿದ್ದು ಮಾತ್ರ ಇವರಾರೂ ಅಲ್ಲ, ಭರ್ಜಿ ಎಸೆತದಲ್ಲಿ ಕಂಚು ಗೆದ್ದ ಶಿರಸಿಯ ಕಾಶೀನಾಥ ನಾಯ್ಕ. ಶಿರಸಿ ಅಂದರೆ ನಮಗೆ ಮುಂಡಗೋಡ ದಾಟಿದರೆ ಸಿಗುವ ಊರು, ಮಾರಿಕಾಂಬಾ ಜಾತ್ರೆಗೆ ಹೋಗಿ ಬರುವ ಊರು. ಅಲ್ಲಿಯವನಿಗೆ ಆಗಿದ್ದು ನಮಗ್ಯಾಕ ಆಗಬಾರದು ಎಂಬ ವಾದ ಶುರುವಾಯಿತು. ಮರುವರ್ಷದ ದಸರಾ ಕ್ರೀಡಾಕೂಟಕ್ಕೆ ಹೆಸರು ಬರೆದುಕೊಳ್ಳುವಾಗ ಅದುವರೆಗೆ ಖಾಲಿ ಇರುತ್ತಿದ್ದ ಭರ್ಜಿಯ ಕಾಲಂ ತುಂಬಿ, ಹಾಳೆಯ ಹಿಂಬದಿಗೂ ಬರೆಯಬೇಕಾಯಿತು. ಶಾಲೆಯಲ್ಲಿ ಭರ್ಜಿ ಇರಲಿಲ್ಲ. ಹುಡುಗರು ಕಾಡಿನ ಅಂಚಿನಿಂದ ನೆಟ್ಟನೆಯ ಬಿದಿರು ತಂದರು, ತುದಿಯನ್ನು ಬೆಂಕಿಯಲ್ಲಿ ಕಾಯಿಸಿ ಗಟ್ಟಿ ಮಾಡಿಕೊಂಡರು. ಖಂಡೇನವಮಿಯ ದಿನ ಕುಡಗೋಲು ಕೊಡಲಿಗಳ ಸಾಲಿನಲ್ಲಿ ಅವನ್ನೂ ಇಟ್ಟು ಕುಂಕುಮ ಹಚ್ಚಿದರು. ಪೂಜೆಗಿಟ್ಟದ್ದನ್ನು ಬನ್ನಿ ಮುಡಿಯುವ ತನಕ ಮುಟ್ಟುವಂತಿಲ್ಲವಲ್ಲ, ಹಾಗಾಗಿ ಆ ಒಂದು ದಿನ ಅಭ್ಯಾಸಕ್ಕೆ ರಜೆ ಕೊಟ್ಟೆ.